ಸೋಮವಾರದ ತಲೆಸುತ್ತು

ನಮ್ಮ ಅಜ್ಜಿಯ ಬಾಯಿ ಮುಚ್ಚಿಸಿದವನು ನಾನು. ತಪ್ಪನ್ನು ಡಾಕ್ಟರರ ತಲೆಗೆ ಕಟ್ಟಿ ಪಾರಾಗಬಹುದಿತ್ತು. ಕೆಲವು ದಿನ ಹಾಗೇ ಮಾಡಿದೆ ಕೂಡ. ಆದರೆ ಅದು ನನ್ನದೇ, ಮಂದಿಯನ್ನು ನಗಿಸುವ ಚಟದಿಂದ ಆದದ್ದು.

ಬೆಟಗೇರಿಯ ನಮ್ಮ ಓಣಿಯಲ್ಲಿ ನಾನು ಅಣಕಿಸದ ಜನರಿಲ್ಲ. ಕಿರಾಣಿ ಅಂಗಡಿಯವರ ಕೆಮ್ಮು, ಕಾಲೇಜಿನ ಪ್ರಾಚಾರ್ಯರ ನಡಿಗೆ, ಹೆಣ್ಣು ನೋಡಲು ಹೋದ ಕಾಕಾ ಗಾಬರಿಯಲ್ಲಿ ಉಪ್ಪಿಟ್ಟು ನುಂಗಿದ ರೀತಿ. ಕನ್ನಡಿ ಸಿಕ್ಕರೆ ನನ್ನನ್ನೂ ಬಿಡುತ್ತಿರಲಿಲ್ಲ. ಆದರೆ ಎಲ್ಲರೂ ಮತ್ತೆ ಮತ್ತೆ ಮಾಡಿಸುತ್ತಿದ್ದದ್ದು ಆಯಿಯನ್ನು. ಅಜ್ಜಿಯನ್ನು ನಾವು ಕರೆಯುತ್ತಿದ್ದದ್ದೇ ಹಾಗೆ.

ಗದಗಿನ ದವಾಖಾನೆಯಲ್ಲಿ ಡಾಕ್ಟರರ ಮುಂದೆ ಕುಳಿತರೆ ಆಯಿ ಏಳುವ ಮಾತೇ ಇಲ್ಲ. ಸೆರಗು ಸರಿಮಾಡಿಕೊಂಡು ಶುರು: "ಅಲ್ರೀ ಸಾಹೇಬ್ರ, ಈ ಗುಳಿಗಿ ಯಾತಕ್ಕ? ಬಿಟ್ರ ಏನಾಗತೈತಿ? ಇದಕ್ಕೂ ಆ ಬಿಳೇದಕ್ಕೂ ಹೊಟ್ಯಾಗ ಜಗಳ ಹತ್ತಂಗಿಲ್ಲಲ್ಲ?" ಒಮ್ಮೆ ಪಾಳಿಯಲ್ಲಿ ಕುಳಿತಿದ್ದ ಡಂಬಳದ ಹೆಣ್ಣುಮಗಳೊಬ್ಬಳು, "ಯಕ್ಕಾ, ನಂದೂ ಒಂದ್ ಮಾತು ಕೇಳಿಬಿಡ್ರಿ. ಒಳಗ ಹೋದ್ರ ನಂಗ ನಾಲಿಗಿನ ಏಳಂಗಿಲ್ಲ" ಎಂದು ಆಯಿಯ ಕೈ ಹಿಡಿದಿದ್ದಳು. ನಾನು ಪಕ್ಕದಲ್ಲಿ ನಾಚಿ ನೀರಾಗಿದ್ದೆ.

ಒಂದು ಸಂಜೆ ಮನೆ ತುಂಬ ಬೀಗರು. ನಾನು ಅವ್ವನ ಸೀರೆಯನ್ನು ತಲೆ ಮೇಲೆ ಹೊದ್ದು ಆಯಿಯಾದೆ. "ಅಲ್ರೀ ಸಾಹೇಬ್ರ, ಗುಳಿಗಿ ದುಂಡಗ ಯಾಕೈತಿ? ಚೌಕ ಇದ್ರ ನಡಿಯಂಗಿಲ್ಲೇನ್ರಿ?" ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಯಿಯೂ ನಕ್ಕಳು. ಆಮೇಲೆ ಮಗ್ಗದ ನೂಲು ಸುತ್ತುವ ನೆಪ ಹೇಳಿ ಎದ್ದು ಹೋದಳು.

ಮುಂದಿನ ಸಲ ದವಾಖಾನೆಯಲ್ಲಿ ಡಾಕ್ಟರರು ಸಕ್ಕರೆ ಕಾಯಿಲೆಗೆ ಹೊಸ ಗುಳಿಗೆ ಬರೆದುಕೊಟ್ಟರು. ಆಯಿ "ಹೂಂ ರೀ" ಅಂದಳು, ಎದ್ದಳು. ಎರಡೇ ನಿಮಿಷ. ನನಗೆ ಖುಷಿಯೇ ಆಯಿತು, ಜಲ್ದಿ ಮನೆ ಸೇರಿದೆವಲ್ಲ.

ಗುಳಿಗೆಯ ಹಿಂದೆಯೇ ತಲೆಸುತ್ತು ಬಂತು. ಒಂದು ದಿನ ಮಗ್ಗಕ್ಕೆ ಕೂರಲು ಹೋದವಳು, ಕಾಲು ಇಳಿಬಿಡುವ ಕುಣಿಯೊಳಗೇ ಬಿದ್ದಳು. "ಇನ್ನ ಮಗ್ಗ ಸಾಕು ಮಾಡಬೇ" ಎಂದು ಅಪ್ಪ ಅಂದಾಗ ಅವಳ ಮುಖ ನೋಡಲಾಗಲಿಲ್ಲ. ಮದುವೆಯಾಗಿ ಬಂದ ದಿನದಿಂದ ಕುಳಿತ ಜಾಗ ಅದು.

ನಾನು ಅವಳ ಮೊಣಕೈಗೆ ಎಣ್ಣೆ ಹಚ್ಚುತ್ತಿದ್ದಾಗ ನನಗೊಬ್ಬನಿಗೇ ಹೇಳಿದಳು: "ಸೋಮವಾರನ ತಿರಗತೈತಿ ನೋಡೋ. ಅವತ್ತ ನಾ ಒಪ್ಪತ್ತು, ಸಂಜಿತನಕ ಊಟಿಲ್ಲ. ಗುಳಿಗಿ ಮಾತ್ರ ಮುಂಜಾನೆನ ತಗೋತೀನಿ."

"ಮತ್ತ ಡಾಕ್ಟರಿಗೆ ಕೇಳಬೇಕಲ್ಲ ಆಯಿ?"

"ಯಾಕ, ಬೀಗರು ಮತ್ತ ಬರಾಕತ್ತಾರೇನು?"

ಎಣ್ಣೆ ಬಟ್ಟಲು ಕೆಳಗಿಟ್ಟು ದವಾಖಾನೆಯ ಚೀಟಿ ಹುಡುಕಿದೆ.

ಮರುದಿನ ಕರೆದುಕೊಂಡು ಹೋದೆ. ಡಾಕ್ಟರರು ಕೆಟ್ಟವರಲ್ಲ, ಹೊರಗೆ ಪಾಳಿ ಬೀದಿಯವರೆಗೆ ಬೆಳೆದಿತ್ತು. ತಲೆಸುತ್ತು ಅನ್ನುವಷ್ಟರಲ್ಲಿ "ವಯಸ್ಸಾತಲ್ರೀ ಅಮ್ಮ, ತಲಿ ತಿರಗೂದ" ಎಂದು ಬರೆಯತೊಡಗಿದರು. ಆಯಿ ತುಟಿ ಬಿಗಿದು ಕುಳಿತಳು. ನಾನೇ ಬಾಯಿ ತೆರೆದೆ. ಊರಿನವರ ದನಿಯೆಲ್ಲ ಇರುವ ಗಂಟಲಲ್ಲಿ ನನ್ನದೊಂದು ಹುಡುಕಿದರೆ ಸಿಗಲಿಲ್ಲ. ಬೆಕ್ಕಿನ ಮರಿಯದು ಬಂತು.

"ಸರ್, ಆಯಿಗೆ ಸೋಮವಾರ ಅಷ್ಟ..."

"ಏನ್ ಓದೀಯಪಾ ನೀ?"

"ಬಿ.ಕಾಂ. ರೀ. ಎರಡು ಸಬ್ಜೆಕ್ಟ್ ಉಳದಾವ್ರಿ."

"ಮೊದಲ ಅವನ್ನ ಮುಗಸು. ಆಮ್ಯಾಲ ಡಾಕ್ಟರಕಿ ಮಾಡುವಂತಿ."

ಅದಕ್ಕೆ ಆಯಿ ಕೈಮುಗಿದು ಕೊಟ್ಟ ಉತ್ತರ ಕೇಳಿ ಡಾಕ್ಟರರು ಪೆನ್ನು ಕೆಳಗಿಟ್ಟರು. ವಾರ, ಹೊತ್ತು, ಊಟ ಎಲ್ಲ ವಿಚಾರಿಸಿದರು, ಗುಳಿಗೆ ಬದಲಿಸಿದರು. ತಲೆಸುತ್ತು ನಿಂತಿತು. ಆಯಿ ಮತ್ತೆ ಮಗ್ಗಕ್ಕೆ ಕುಳಿತಳು, ಇನ್ನೂ ನಾಲ್ಕು ವರ್ಷ.

ಈಗ ಅವಳಿಲ್ಲ. ಮಗ್ಗ ಬಿಚ್ಚಿ, ಕುಣಿಗೆ ಮಣ್ಣು ತುಂಬಿ ಫರಸಿ ಕಲ್ಲು ಹಾಸಿದ್ದಾರೆ. ಅದರ ಮೇಲೆ ಫ್ರಿಜ್ ನಿಂತಿದೆ. ಹಾಲು ತೆಗೆಯಲು ಹೋದಾಗಲೆಲ್ಲ ನಾನು ಸ್ವಲ್ಪ ಸರಿದು ನಿಲ್ಲುತ್ತೇನೆ. ನನ್ನ ಮೊಬೈಲಿನಲ್ಲಿ ಓಣಿಯ ನಾಯಿ ಬೊಗಳಿದ್ದೂ ಇದೆ, ಆಯಿಯ ದನಿ ಇಲ್ಲ. ಹೇಗೂ ನನ್ನ ಗಂಟಲಲ್ಲೇ ಇದೆಯಲ್ಲ ಎಂದು ಹಿಡಿದಿಡಲೇ ಇಲ್ಲ. ಈಗ ಯಾರಾದರೂ "ಲೇ, ಆಯಿ ಮಾಡಿ ತೋರಸು" ಅಂದರೆ, ಬರುವುದು ಬೀಗರನ್ನು ನಗಿಸಿದ ಆ ಸುಳ್ಳು ಆಯಿ. ನಿಜವಾದವಳು ಪಕ್ಕದಲ್ಲಿ ಕುಳಿತು ಇನ್ನೊಂದು ಪ್ರಶ್ನೆ ಕೇಳಲಿ, ನಾನು ಇನ್ನೊಮ್ಮೆ ನಾಚಲಿ ಅನ್ನಿಸುತ್ತದೆ.

ಅವ್ವನ ಜೊತೆ ಈಗಲೂ ಅದೇ ದವಾಖಾನೆಗೆ ಹೋಗುತ್ತೇನೆ. ಲಕ್ಷ್ಮೇಶ್ವರ, ಮುಂಡರಗಿಯಿಂದ ಬಸ್ಸಿಗೆ ಬಂದವರು ಒಳಗೆ "ಹೂಂ ರೀ" ಅಂದು, ಹೊರಬಂದು ಔಷಧ ಅಂಗಡಿಯವನ ಮುಂದೆ ಸಂಶಯ ಬಿಚ್ಚುತ್ತಾರೆ. "ಒಳಗ ಹೋಗ್ರಿ, ಅವರನ್ನ ಕೇಳ್ರಿ" ಎನ್ನುತ್ತೇನೆ. "ಅವರು ತಪ್ಪ ತಿಳಕೊಂಡ್ರ?" ಎಂದು ಹಿಂಜರಿದವರಿಗೆ, ಅವತ್ತು ಆಯಿ ಡಾಕ್ಟರರಿಗೆ ಹೇಳಿದ್ದನ್ನು ಅಣಕಿಸದೆ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ:

"ಇಂವ ದಡ್ಡ ಅದಾನ್ರಿ ಸಾಹೇಬ್ರ, ಖರೆ. ನಾನೂ ಸಾಲಿ ಕಲ್ತಾಕಿ ಅಲ್ಲ. ಗುಳಿಗಿ ವಿಚಾರ ನಿಮಗ ಗೊತ್ತು. ಆದ್ರ ಕುಣಿಯಾಗ ಬಿದ್ದಾಕಿ ನಾನ್ರಿ. ಬಿದ್ದದ್ದು ಯಾವ ವಾರ ಅಂತ ನನ್ನ ಬಿಟ್ಟು ಮತ್ಯಾರನ್ನ ಕೇಳ್ತೀರಿ?"