ಕೇಬಲ್ ಕಿತ್ತ ಮೇಲೂ

ನೆಟ್‌ವರ್ಕಿಂಗ್ ಪರೀಕ್ಷೆಯಲ್ಲಿ ಫೇಲಾಗಿದ್ದೆ. ಇನ್ನೊಂದು ಸಲ ಫೇಲಾದರೆ ಕೆಲಸ ಹೋಗ್ತಿತ್ತು. ಕೈಯಾರೆ ಮಾಡಿ ಕಲಿಯೋಣ ಅಂತ ಮಡಿವಾಳದ ಅಂಗಡಿಯೊಂದರಿಂದ ಎರಡು ಹಳೇ ರೌಟರ್ ತಂದೆ. ರೂಮಲ್ಲಿ ಕೂತು ಎರಡಕ್ಕೂ ಕೇಬಲ್ ಹಾಕಿ ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ಪಿಂಗ್ ಕಳಿಸಿದೆ. ಪಿಂಗ್ ಅಂದರೆ 'ಇದ್ದೀಯಾ?' ಅಂತ ಕೇಳೋದು, ಅಷ್ಟೇ. ಉತ್ತರ ಬಂತು. ನೋಡೋಣ ಅಂತ ಕೇಬಲ್ ಕಿತ್ತೆ. ಉತ್ತರ ನಿಲ್ಲಲಿಲ್ಲ. ಎರಡನೇ ರೌಟರಿನ ಪ್ಲಗ್ಗನ್ನೂ ತೆಗೆದೆ. ದೀಪ ಆರಿತು, ಉತ್ತರ ಮಾತ್ರ ಬರ್ತಾನೇ ಇತ್ತು.

ಅಂಗಡಿಯವನಿಗೆ ಫೋನ್ ಮಾಡಿದೆ. "ಅಣ್ಣ, ಪ್ಲಗ್ ತೆಗೆದರೂ ಇದು ಉತ್ತರ ಕೊಡ್ತಿದೆ."

ಆತ "ನಿಮಗೂನಾ ಸಾರ್?" ಅಂದ. "ತಂದ್ಬಿಡಿ, ಬೇರೆ ಕೊಡ್ತೀನಿ. ಅಲ್ಲೀವರೆಗೂ ಅದನ್ನ ಏನೂ ಕೇಳ್ಬೇಡಿ."

ಮುಂದಿನ ಸಲ ಪರೀಕ್ಷೆಯಲ್ಲಿ ಪಾಸಾದೆ. ಕೇಬಲ್ ಕಿತ್ತರೆ ಉತ್ತರ ಬರುತ್ತಾ ಅನ್ನೋ ಪ್ರಶ್ನೆ ಇತ್ತು. ಮಾರ್ಕ್ಸ್ ಬೇಕಿತ್ತಲ್ಲ, 'ಇಲ್ಲ' ಅಂತ ಒತ್ತಿದೆ.