ಮಾಸ್ತಮ್ಮನ ಬೆಳಗಿನ ತಿರುಗಾಟ

ಸಾಗರದ ಮಾಸ್ತಮ್ಮನಿಗೆ ನಡೆಯಲು ಹೇಳಿದವರು ಡಾಕ್ಟರು. ಮದುವೆಯಾಗಿ ಬಂದಾಗಿನಿಂದ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಕೇರಿಯ ಹೆಂಗಸರಿಗೆಲ್ಲ ರವಿಕೆ ಹೊಲಿದವಳು ಅವಳು. ನಲವತ್ತು ದಾಟುತ್ತಲೇ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. "ಬೆಳಿಗ್ಗೆ ಎದ್ದು ನಡೀರಮ್ಮ" ಎಂದು ಡಾಕ್ಟರು ಅಂದಾಗ ಅವಳಿಗೆ ನಗು ಬಂತು. ತವರಿನ ಕಡೆ ಹೆಂಗಸರು ನಡೆದರೆ ತಲೆಯ ಮೇಲೊಂದು ಹೊರೆ ಇರುತ್ತಿತ್ತು. ಬರಿಗೈಯಲ್ಲಿ ಸುಮ್ಮನೆ ನಡೆಯುವುದೆಂದರೆ ಎಂಥದ್ದು?

ನಡೆಯುವುದಕ್ಕೊಂದು ಜಾಗವೂ ಆಗಿತ್ತು. ಸಾವಿರದ ಒಂಬೈನೂರ ಎಂಬತ್ತರ ಹೊತ್ತಿಗೆ ಊರಂಚಿನ ಗುಡ್ಡಕ್ಕೆ ಬೇಲಿ ಹಾಕಿ, ಕಾಲುದಾರಿ ಸವರಿ, ಎರಡು ಸಿಮೆಂಟ್ ಬೆಂಚು ಕೂರಿಸಿ ಪಾರ್ಕು ಮಾಡಿದ್ದರು. ಹೆಸರಿಗೆ ಪಾರ್ಕು, ಒಳಗೆ ಮಾತ್ರ ಹಳೆಯ ಕಾಡೇ. ಮತ್ತಿ, ನಂದಿ, ಹೊನ್ನೆ ಮರಗಳು ಹಾಗೇ ನಿಂತಿದ್ದವು.

ಮಾಸ್ತಮ್ಮನಿಗೆ ಹೆದರಿಕೆಯಾಗಿದ್ದು ಅದಕ್ಕೇ. ಹೊನ್ನೆಮರಡಿನ ಆಚೆಗಿದ್ದ ಅವಳ ತವರೂರು ಶರಾವತಿಯ ಹಿನ್ನೀರಿನಲ್ಲಿ ಮುಳುಗುವ ಮೊದಲೇ, ಅವಳ ಅಣ್ಣ ಜಟ್ಟಿಂಗಪ್ಪ ಸೊಪ್ಪು ತರಲು ಕಾಡಿಗೆ ಹೋಗಿಬಂದು ಜ್ವರದಲ್ಲಿ ಮಲಗಿದ್ದ. ಶೀತ ಎಂದು ಮನೆಯವರು ಕಷಾಯ ಕುಡಿಸಿದರು. ವಾರ ತುಂಬುವಷ್ಟರಲ್ಲಿ ವಸಡಿನಿಂದ ರಕ್ತ ಒಸರಿತು, ಆಮೇಲೆ ಅವನು ಏಳಲಿಲ್ಲ. ಅದು ಮಂಗನ ಕಾಯಿಲೆ, ಸತ್ತ ಮಂಗನ ಮೈಬಿಟ್ಟ ಉಣುಗು ಹುಳ ಕಚ್ಚಿದರೆ ಬರುತ್ತದೆ ಎಂದು ತಿಳಿದದ್ದು ತಡವಾಗಿ. ಅಂದಿನಿಂದ ಅವಳು ಕಾಡಿನ ನೆರಳು ತುಳಿದವಳಲ್ಲ.

"ಬನ್ನಿ ಮಾರಾಯ್ತಿ, ಹುಲಿ ಗಿಲಿ ಎಂತದೂ ಇಲ್ಲ ಅಲ್ಲಿ" ಎಂದು ಕೈಹಿಡಿದು ಕರೆದೊಯ್ದವಳು ಪಕ್ಕದ ಮನೆಯ ವಿಶಾಲಮ್ಮ. ಅವಳ ಗಂಡನಿಗೆ ಬಸ್‌ಸ್ಟ್ಯಾಂಡಿನಲ್ಲಿ ಹೋಟೆಲು. ಮಾತಿನ ಮಲ್ಲಿ ಅವಳು, ಭಯವೆಂದರೇನೆಂದು ಗೊತ್ತಿರಲಿಲ್ಲ.

ಮೊದಮೊದಲು ಮಾಸ್ತಮ್ಮ ಸೀರೆ ಎತ್ತಿ ಕಟ್ಟಿ, ಒಂದೆಲೆಯೂ ಮೈಗೆ ತಾಗದಂತೆ ದಾರಿಯ ನಟ್ಟನಡುವೆ ನಡೆದಳು. ಬರುಬರುತ್ತ ಉಸಿರು ಹಗುರಾಯಿತು. ಎಲೆಗಳ ಸಂದಿನಿಂದ ಬಿಸಿಲು ಕೋಲುಕೋಲಾಗಿ ಇಳಿಯುವುದನ್ನು ನೋಡುತ್ತ ನಿಂತುಬಿಡುತ್ತಿದ್ದಳು. ಕೈ ಬೀಸಿಕೊಂಡು ನಡೆಯುವುದರಲ್ಲಿ ಇಷ್ಟು ಸುಖವಿದೆಯೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಒಂದು ದಿನ ತಪ್ಪಿದರೆ ಮೈಯೆಲ್ಲ ಜಡ. "ನಿಂಗೆ ಪಾರ್ಕಿನ ಹುಚ್ಚು ಹಿಡದದೆ" ಎಂದು ಗಂಡ ಕನ್ನಪ್ಪ ನಗುತ್ತಿದ್ದ.

ಎರಡನೆಯ ವರ್ಷ, ಸಂಕ್ರಾಂತಿ ಕಳೆದು ಎಲೆ ಉದುರುವ ಕಾಲ. ಇಬ್ಬರೂ ತಿರುವಿನಲ್ಲಿ ಬರುತ್ತಿದ್ದಾಗ ನಂದಿ ಮರದ ಬುಡದಲ್ಲಿ ಕರಿಮೂತಿಯ ಮುಸಿಯ ಮಂಗವೊಂದು ಮಲಗಿತ್ತು. ಕಣ್ಣು ತೆರೆದೇ ಇತ್ತು. ಮೈಮೇಲೆ ಗಾಯವಿರಲಿಲ್ಲ.

"ಅಯ್ಯೋ ಪಾಪ, ಸತ್ತೋಗದೆ" ಎನ್ನುತ್ತ ವಿಶಾಲಮ್ಮ ತರಗೆಲೆ ತುಳಿದುಕೊಂಡು ಹತ್ತಿರ ಹೋಗಿ ಬಗ್ಗಿದಳು.

"ಮುಟ್ಬೇಡಿ! ಈಚೆ ಬನ್ನಿ ವಿಶಾಲಕ್ಕ, ಈಚೆ ಬನ್ನಿ!" ಮಾಸ್ತಮ್ಮನ ಕೂಗು ಅವಳಿಗೇ ಅಪರಿಚಿತವಾಗಿ ಕೇಳಿಸಿತು. ಓಡಿ ಹೋಗಿ ಗೆಳತಿಯ ರಟ್ಟೆ ಹಿಡಿದು ಎಳೆದು ತಂದಳು.

ಗೇಟಿನ ಕಾವಲುಗಾರ ಹುಲಿಯಪ್ಪ ಬೀಡಿ ಆರಿಸದೆಯೇ ಕೇಳಿಸಿಕೊಂಡ. "ಕರೆಂಟ್ ತಂತಿ ಹಿಡದಿರ್ತದೆ ಬಿಡಿ ಅಮ್ಮ."

"ಅಲ್ಲಿ ತಂತಿ ಎಲ್ಲದೆ?" ಎಂದಳು ಮಾಸ್ತಮ್ಮ.

ಮನೆಗೆ ಬಂದವಳೇ ಗಂಡನನ್ನು ಆರೋಗ್ಯ ಇಲಾಖೆಯವರಿಗೆ ತಿಳಿಸಲು ಅಟ್ಟಿದಳು. ಬಚ್ಚಲಿಗೆ ಹೋಗಿ ಸುಡುಸುಡು ನೀರು ಹೊಯ್ದುಕೊಂಡಳು. ಮೈ ಒರೆಸುವಾಗ ಮೊಣಕಾಲಿನ ಹಿಂದೆ ಏನೋ ಬೆರಳಿಗೆ ತಗುಲಿತು. ಸಾಸಿವೆ ಕಾಳಿನಷ್ಟು, ಕಪ್ಪಗೆ, ಚರ್ಮಕ್ಕೆ ಕಚ್ಚಿಕೊಂಡಿತ್ತು. ಉಣುಗು. ಅದನ್ನು ಕಿತ್ತು ಒಲೆಗೆ ಹಾಕಿ, ಒದ್ದೆ ಸೀರೆಯಲ್ಲೇ ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟಳು.

ಆಮೇಲಿನ ದಿನಗಳು ಕಾಯುವ ದಿನಗಳಾದವು. ಮಾತ್ರೆ ಇಲ್ಲ, ಮದ್ದಿಲ್ಲ, ಜ್ವರ ಬಂದೀತೇ ಎಂದು ನೋಡುವುದೊಂದೇ. ಹೊಲಿಯುತ್ತ ಹೊಲಿಯುತ್ತ ಕೈ ಹಣೆಗೆ ಹೋಗುತ್ತಿತ್ತು. ಉಗುಳಿದರೆ ಕೆಂಪಿದೆಯೇ ಎಂದು ನೋಡುತ್ತಿದ್ದಳು. ಬಿಸಿಲಿಗೆ ಮೈ ಬೆಚ್ಚಗಾದರೂ ಜ್ವರವೇನೋ ಎಂದು ನೆರಳಿಗೆ ಬಂದು ಕೂರುತ್ತಿದ್ದಳು.

ಜ್ವರ ಬಂದದ್ದು ವಿಶಾಲಮ್ಮನಿಗೆ.

"ಶೀತ ಕಣ್ರೀ, ಎರಡು ದಿನಕ್ಕೆ ಬಿಡ್ತದೆ" ಎಂದು ಅವಳು ಕಂಬಳಿಯೊಳಗಿನಿಂದ ನರಳಿದಳು. ತಲೆ ಸಿಡಿಯುತ್ತಿದೆ ಎಂದು ಕಣ್ಣು ಬಿಡಲೊಲ್ಲಳು.

"ನಮ್ಮಣ್ಣಂಗೂ ಶೀತ ಅಂತಲೇ ಅಂದಿದ್ವಿ" ಎಂದಳು ಮಾಸ್ತಮ್ಮ. ಹೋಟೆಲಿಗೆ ಓಡಿ, ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ವಿಶಾಲಮ್ಮನ ಗಂಡನನ್ನು ಎಬ್ಬಿಸಿ, ಕಾರು ತರಿಸಿ ಆಸ್ಪತ್ರೆಗೆ ಸೇರಿಸಿದಳು. ಸತ್ತ ಮುಸಿಯದ ಸಂಗತಿಯನ್ನು ಡಾಕ್ಟರಿಗೆ ತಾನೇ ಹೇಳಿದಳು. ಮೂರನೆಯ ದಿನ ವಿಶಾಲಮ್ಮನ ವಸಡಿನಲ್ಲಿ ರಕ್ತ ಕಂಡಾಗ ಮಾಸ್ತಮ್ಮ ಹೊರಗಿನ ಗೋಡೆಗೆ ಒರಗಿ ನಿಂತಳು. ಅವಳ ಕಣ್ಣ ಮುಂದೆ ಅಣ್ಣ ಮಲಗಿದ್ದ ಚಾಪೆ ಬಂತು.

ವಿಶಾಲಮ್ಮ ಸಾಯಲಿಲ್ಲ. ಬೇಗ ತಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಎದ್ದು ಓಡಾಡುವ ಹೊತ್ತಿಗೆ ಮಳೆ ಹಿಡಿದಿತ್ತು. ಕೂದಲು ಅರ್ಧ ಉದುರಿತ್ತು, ಮಾತು ಕಡಿಮೆಯಾಗಿತ್ತು. ಮಾಸ್ತಮ್ಮನಿಗೆ ಜ್ವರ ಬರಲೇ ಇಲ್ಲ. ಯಾಕೆ ಬರಲಿಲ್ಲವೆಂದು ಯಾರೂ ಹೇಳಲಿಲ್ಲ, ಅವಳಿಗೂ ಕೇಳುವ ಧೈರ್ಯವಾಗಲಿಲ್ಲ.

ಮುಸಿಯ ಸತ್ತ ಮೇಲೆ ಆರೋಗ್ಯ ಇಲಾಖೆಯವರು ಮುಚ್ಚಿಸಿದ್ದ ಪಾರ್ಕನ್ನು ಮಳೆಗಾಲದಲ್ಲಿ ತೆರೆದರು. ಮಳೆಗೆ ಉಣುಗು ಇರುವುದಿಲ್ಲ ಎಂದು ಎಲ್ಲರೂ ಹೇಳಿದರು. ಮಾಸ್ತಮ್ಮ ಗೇಟಿನವರೆಗೆ ಹೋಗಿ ಹೋಗಿ ತಿರುಗಿ ಬಂದಳು. ಅಷ್ಟರಲ್ಲಿ ಸಕ್ಕರೆ ಏರಿ ಕಾಲು ಜೋಮು ಹಿಡಿಯತೊಡಗಿತ್ತು. "ನಡೀಲಿಲ್ಲ ಅಂದ್ರೆ ಕಾಲೇ ಹೋಗ್ತದಮ್ಮ" ಎಂದು ಡಾಕ್ಟರು ಗದರಿದರು.

ಒಂದು ದಿನ ಮಳೆ ನಿಂತು ಹೊಳವಾದಾಗ ಮೊಣಕಾಲಿನವರೆಗೆ ಬೇವಿನೆಣ್ಣೆ ಸವರಿಕೊಂಡು ಹೊರಟಳು.

"ಒಬ್ರೇ ಬಂದ್ರಾ?" ಎಂದು ಹುಲಿಯಪ್ಪ ಕೇಳಿದ.

"ಹೂಂ" ಎಂದವಳು ಒಳಗೆ ಕಾಲಿಟ್ಟಳು. ನಂದಿ ಮರದ ಹತ್ತಿರ ಬರುವಾಗ ಕಣ್ಣು ಮುಚ್ಚಿಕೊಂಡೇ ಹೆಚ್ಚುಕಡಿಮೆ ಓಡಿದಳು. ದಾಟಿದ ಮೇಲೆ ಬೆಂಚಿನಲ್ಲಿ ಕೂತು ಸುಧಾರಿಸಿಕೊಂಡಳು. ಮತ್ತಿಯ ತೊಗಟೆಯಲ್ಲಿ ನೀರು ಇಳಿಯುತ್ತಿತ್ತು, ಎಲ್ಲಿಯೋ ಕಾಡುಕೋಳಿ ಕೂಗುತ್ತಿತ್ತು. ಅವಳು ಎದ್ದು ಇನ್ನೊಂದು ಸುತ್ತು ಹೊರಟಳು.