ಪೀಪಿ ಅಕ್ಕನ ಡ್ರೋನು

ಊರಿನ ದೊಡ್ಡ ಸರ್ಕಲ್ಲಿನಲ್ಲಿ ಅವಳು ಕೈ ಎತ್ತಿ ನಿಂತಳೆಂದರೆ ಲಾರಿಗಳೂ ಬಾಲ ಮುದುರಿಕೊಂಡು ನಿಲ್ಲುತ್ತಿದ್ದವು. ತಲೆಕೂದಲು ನೆರೆಯುವವರೆಗೂ ಟ್ರಾಫಿಕ್ ಪೊಲೀಸ್ ಕೆಲಸ ಮಾಡಿದ ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಮನೆಯವರಿಗೇ ಅರ್ಧ ಮರೆತುಹೋಗಿತ್ತು. ಬಾಯಲ್ಲಿ ಸದಾ ಪೀಪಿ ಇರುತ್ತಿದ್ದುದರಿಂದ ಊರಿಗೆಲ್ಲ ಅವಳು ಪೀಪಿ ಅಕ್ಕ. ಒಮ್ಮೆ ತಪ್ಪು ದಾರಿಯಲ್ಲಿ ಬಂದ ಸ್ವಂತ ಭಾವನ ಸ್ಕೂಟರನ್ನೇ ನಿಲ್ಲಿಸಿ ದಂಡ ಹಾಕಿದ್ದಳು. ಆಮೇಲೆ ಬಹುಕಾಲ ಭಾವ ಆ ಮನೆಯ ಕಡೆ ತಲೆ ಹಾಕಿ ಕೂಡ ಮಲಗಲಿಲ್ಲ.

ನಿವೃತ್ತಿಯಾದ ಮೇಲೆ ಅಂಥ ಕೈ ಸುಮ್ಮನಿರುತ್ತದೆಯೇ? ಅಡುಗೆಮನೆಯಲ್ಲಿ ಗಂಡನನ್ನೇ ಎಡಕ್ಕೆ ಸರಿ, ಬಲಕ್ಕೆ ಬಾ ಎಂದು ಓಡಾಡಿಸತೊಡಗಿದಳು. ಹೊಲಿಗೆ ಯಂತ್ರ ರಿಪೇರಿ ಮಾಡುವ ಆ ಸಾಧು ಮನುಷ್ಯ ಅವಳ ತಮ್ಮನ ಮುಂದೆ ಗೋಳು ತೋಡಿಕೊಂಡ.

"ಏನಾದ್ರೂ ಮಾಡೋ. ನಿಮ್ಮಕ್ಕ ನನ್ನ ಪಾತ್ರೆಗಳಿಗೂ ಸಿಗ್ನಲ್ ಹಾಕ್ತಿದ್ದಾಳೆ."

ತಮ್ಮ ಎಲ್ಲಿಂದಲೋ ಒಂದು ಡ್ರೋನ್ ತಂದುಕೊಟ್ಟ. ಮೊದಲ ಸಲ ಅದು ತಾರಸಿಯ ನೀರಿನ ಟ್ಯಾಂಕಿಗೆ ಡಿಕ್ಕಿ ಹೊಡೆಯಿತು. ಎರಡನೆಯ ಸಲ ಪಕ್ಕದ ಮನೆಯವರು ಒಣಹಾಕಿದ್ದ ಬೆಡ್‌ಶೀಟನ್ನು ಹೊದ್ದುಕೊಂಡು ವಾಪಸ್ ಬಂತು. ಆಮೇಲೆ ಕೈಗೆ ಹದ ಸಿಕ್ಕಿತು. ತಾನು ಬಿಸಿಲಲ್ಲಿ ಬೆಂದ ಸರ್ಕಲ್ಲನ್ನು ಮೇಲಿನಿಂದ ನೋಡಿದ ದಿನ ಅಕ್ಕ ಮಗುವಿನಂತೆ ಕೂಗಿದಳು.

"ಏನ್ರೀ, ಬನ್ನಿ ಇಲ್ಲಿ! ಇಷ್ಟು ವರ್ಷ ನಾನು ಬೈದಿದ್ದು ಇದಕ್ಕಾ? ಇರುವೆ ಸಾಲು ಹೊರಟ ಹಾಗೆ ಎಷ್ಟು ಚೆನ್ನಾಗಿದೆ ಕಣ್ರೀ!"

ಡ್ರೋನಿನ ಜೊತೆ ನಿಯಮಗಳ ಪುಸ್ತಕವೊಂದು ಬಂದಿತ್ತು. ಊರಿಗೆಲ್ಲ ನಿಯಮ ಹೇಳಿದವಳು ಅದನ್ನು ಖಾಲಿ ಡಬ್ಬದ ಜೊತೆ ಅಟ್ಟಕ್ಕೆ ಎಸೆದಳು. ಆಕಾಶದಲ್ಲಿ ಎಲ್ಲಿಯ ಟ್ರಾಫಿಕ್ಕು?

ಬೇಸಿಗೆಯ ಒಂದು ಮಧ್ಯಾಹ್ನ ಊರಾಚೆಯ ಗುಡ್ಡಕ್ಕೆ ಬೆಂಕಿ ಬಿತ್ತು. ಗುಡ್ಡದ ಬುಡದಲ್ಲೇ ಮರದ ಡಿಪೋ. ಹೆಲಿಕಾಪ್ಟರೊಂದು ಕೆರೆಯಿಂದ ದೊಡ್ಡ ಬಕೆಟ್ಟಿನಲ್ಲಿ ನೀರು ಮೊಗೆದು ತಂದು ಸುರಿಯುತ್ತಿತ್ತು. ಇಂಥದ್ದನ್ನು ನೋಡದೆ ಬಿಡುವುದುಂಟೇ? ಅಕ್ಕ ತಾರಸಿ ಹತ್ತಿ ಡ್ರೋನನ್ನು ಅತ್ತ ಕಳಿಸಿದಳು. ರಿಮೋಟಿನ ಪರದೆಯ ತುಂಬ ಹೊಗೆ, ಕೆಳಗೆ ಕೆಂಪು. ಹೊಗೆ ಸೀಳಿಕೊಂಡು ಬಂದ ಹೆಲಿಕಾಪ್ಟರ್ ಇದ್ದಕ್ಕಿದ್ದಂತೆ ಒಂದು ಬದಿಗೆ ವಾಲಿತು, ತುಂಬಿದ ಬಕೆಟ್ಟಿನ ಸಮೇತ ತಿರುಗಿ ಹೊರಟೇಹೋಯಿತು.

"ಇವನಿಗೇನು ಧಾಡಿ? ನೀರು ಹಾಕದೆ ಓಡ್ತಿದ್ದಾನಲ್ಲ!"

"ನಿನ್ನದನ್ನ ನೋಡಿ ಹೆದರಿದನೋ ಏನೋ" ಎಂದ ಗಂಡ, ತಮಾಷೆಗೆ.

"ಅಷ್ಟು ದೊಡ್ಡದು ಇಷ್ಟು ಚಿಕ್ಕದಕ್ಕೆ ಹೆದರುತ್ತಾ? ಸುಮ್ನಿರಿ."

ಆದರೆ ಹೆಲಿಕಾಪ್ಟರ್ ತುಂಬ ಹೊತ್ತು ಮರಳಲಿಲ್ಲ. ಸಂಜೆಯ ಹೊತ್ತಿಗೆ ಅರ್ಧ ಡಿಪೋ ಬೂದಿಯಾಗಿತ್ತು. ಪುಣ್ಯಕ್ಕೆ ಯಾರಿಗೂ ಜೀವಕ್ಕೆ ಅಪಾಯವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಊರಿನ ಇನ್‌ಸ್ಪೆಕ್ಟರ್ ಬಂದ. ಹಿಂದೆ ಸರ್ಕಲ್ಲಿನಲ್ಲಿ ಕೈ ತೋರಿಸುವುದನ್ನು ಅವನಿಗೆ ಕಲಿಸಿದ್ದೇ ಅಕ್ಕ. ಊಟದ ಮೇಜಿನ ಮುಂದೆ ಕೂತು ಚಹಾ ಲೋಟ ಎತ್ತಿಕೊಂಡ. ಮೇಜಿನ ಮೇಲೆ ಡ್ರೋನಿತ್ತು, ಅದರ ಮೇಲೊಂದು ಟವೆಲ್ ಇತ್ತು.

"ಅಕ್ಕಾ, ನಿಮ್ಮಿಂದ ಒಂದು ಸಹಾಯ ಬೇಕಿತ್ತು. ನಿನ್ನೆ ಯಾವನೋ ಅವಿವೇಕಿ ಬೆಂಕಿ ಹತ್ರ ಡ್ರೋನ್ ಹಾರಿಸಿದ್ದಾನೆ. ಅದು ಹೆಲಿಕಾಪ್ಟರಿನ ಬಾಲದ ರೆಕ್ಕೆಗೆ ಸಿಕ್ಕಿದ್ರೆ ಇಡೀದು ಗಿರಗಿರ ತಿರುಗಿ ಬೀಳೋದಂತೆ. ಒಳಗೆ ಇಬ್ಬರಿದ್ರು. ಆಕಾಶ ಖಾಲಿಯಾಗಿದೆ ಅಂತ ಗೊತ್ತಾಗೋವರೆಗೂ ಅವರು ಮತ್ತೆ ಹಾರಲಿಲ್ಲ. ಈ ಊರಲ್ಲಿ ನಿಮಗೆ ಗೊತ್ತಿಲ್ಲದವರಿಲ್ಲ. ಯಾರ ಹತ್ರ ಇದೆ ಹೇಳಿ."

ಅಡುಗೆಮನೆಯಲ್ಲಿ ಗಂಡ ಒಂದೇ ಸಮ ಕೆಮ್ಮತೊಡಗಿದ. ಇಬ್ಬರಿದ್ದರು ಎಂಬ ಮಾತು ಅಕ್ಕನ ಎದೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಕೈ ಚಾಚಿ ಟವೆಲ್ ಎತ್ತಿದಳು.

ಇನ್‌ಸ್ಪೆಕ್ಟರನ ಲೋಟ ಬಾಯಿಯವರೆಗೆ ಬಂದು ಅಲ್ಲೇ ನಿಂತಿತು.

"ಅಕ್ಕಾ... ಮುಚ್ಚಿಬಿಡಿ. ನಾನು ನೋಡಿಲ್ಲ."

"ಏನೋ ಹಾಗಂದ್ರೆ? ನಾನು ನಿನಗೆ ಕಲಿಸಿದ್ದು ಇದನ್ನೇನಾ? ಕೇಸ್ ಬರಿ. ಯಾವನೋ ಅವಿವೇಕಿ ಅಂದ್ಯಲ್ಲ, ಯಾವಳೋ ಅಂತ ತಿದ್ದಿಕೊ."

ವಿಚಾರಣೆಯ ದಿನ ಹೆಲಿಕಾಪ್ಟರ್ ಹಾರಿಸಿದವರನ್ನೂ ಕರೆಸಿದ್ದರು. ಅಕ್ಕ ಅಷ್ಟು ದಿನ 'ಇವನು' ಎನ್ನುತ್ತಿದ್ದುದು ತನ್ನ ಮಗಳ ವಯಸ್ಸಿನ ಹೆಣ್ಣುಮಗಳಿಗೆ. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ಕೂತಳು. ಆ ಹುಡುಗಿ ಬೈಯಲಿಲ್ಲ.

"ಅಮ್ಮಾ, ನಮ್ಮ ಸದ್ದು ಕೇಳಿದ್ರೆ ಹಕ್ಕಿ ಕೂಡ ಎಷ್ಟೋ ಸಲ ಪಕ್ಕಕ್ಕೆ ಸರಿಯುತ್ತೆ. ನಿಮ್ಮದು ಸರಿಯೋದಿಲ್ಲ, ಇದ್ದಲ್ಲೇ ಇರುತ್ತೆ. ಹೊಗೇಲಿ ನನಗದು ಕಾಣ್ಲೇ ಇಲ್ಲ. ಜೊತೆಗಿದ್ದವರು ಕಿರುಚಿದ್ದಕ್ಕೆ ತಿರುಗಿಸಿದೆ."

ಹೇಳುತ್ತಾ, ಎಷ್ಟು ಹತ್ತಿರದಲ್ಲಿ ತಪ್ಪಿತೆಂದು ಮೇಜಿನ ಮೇಲೆ ಎರಡು ಬೆರಳಿಟ್ಟು ತೋರಿಸಿದಳು. ಹಾಕಿದ ದಂಡ, ಕಸಿದುಕೊಂಡ ಡ್ರೋನು ಯಾವುದೂ ಅಕ್ಕನಿಗೆ ನಾಟಲಿಲ್ಲ. ಆ ಬೆರಳುಗಳ ನಡುವಿನ ಅಂತರ ನಾಟಿತು. ಮನೆಗೆ ಬಂದು ಅಟ್ಟ ಹತ್ತಿ ಪುಸ್ತಕ ಹುಡುಕಿದಳು. ಡಿಪೋದಲ್ಲಿ ಬೂದಿ ಎತ್ತುವಾಗ ಸಲಿಕೆ ಹಿಡಿದು ತಾನೂ ಹೋಗಿ ನಿಂತಳು. ಮಾಲೀಕ ಮೊದಮೊದಲು ಮುಖ ತಿರುಗಿಸಿದ. ಕೊನೆಗೊಂದು ದಿನ ತಾನೇ ಕುಡಿಯುವ ನೀರು ತಂದುಕೊಟ್ಟ.

ಮುಂದೆ ತರಬೇತಿ ಮುಗಿಸಿ ಪರವಾನಗಿ ಪಡೆದಳು. ಊರಿಂದ ದೂರ, ಡ್ರೋನ್ ಹಾರಿಸಲು ಒಪ್ಪಿಗೆಯಿರುವ ಬಯಲೊಂದಿದೆ. ಭಾನುವಾರ ಅಲ್ಲಿ ಹಲ್ಲಿನ ಡಾಕ್ಟರು, ಬೇಕರಿಯವನು, ಇನ್ನೂ ನಾಲ್ಕಾರು ಜನ ತಂತಮ್ಮ ಡ್ರೋನು ಹಿಡಿದು ಸೇರುತ್ತಾರೆ. ನಡುವೆ ಸೊಂಟಕ್ಕೆ ಕೈ ಕೊಟ್ಟು ಅಕ್ಕ.

"ಹೆಲಿಕಾಪ್ಟರಿನ ಸದ್ದು ಕೇಳಿಸ್ತಾ? ಮೊದಲು ಇಳಿಸಿ, ಆಮೇಲೆ ತಲೆ ಎತ್ತಿ ನೋಡಿ. ಅವರ ಕಣ್ಣಿಗೆ ನಾವು ಕಾಣಲ್ಲ."

ಮೊನ್ನೆ ಗಂಡನೂ ಆಸೆಪಟ್ಟು ರಿಮೋಟ್ ಇಸಿದುಕೊಂಡ. ಅದೇ ಹೊತ್ತಿಗೆ ದೂರದಲ್ಲಿ ಹೆಲಿಕಾಪ್ಟರಿನ ಸದ್ದು. ಕಾಗೆ ಕಂಡ ಕೋಳಿಮರಿಗಳಂತೆ ಎಲ್ಲರ ಡ್ರೋನುಗಳೂ ದಬದಬ ನೆಲಕ್ಕಿಳಿದವು. ಗಂಡನದು ಮಾತ್ರ ಬಯಲಂಚಿನ ಮರದ ತುದಿಯಲ್ಲಿ ಕೂತಿತು.

"ನೀನು ಇಳಿಸಿ ಅಂದೆ, ನಾನು ಇಳಿಸಿದೆ" ಎಂದ.

"ನೆಲಕ್ಕೆ ಅಂದೆ ಕಣ್ರೀ!"

ಹಲ್ಲಿನ ಡಾಕ್ಟರು ಪ್ಯಾಂಟು ಮಡಚಿಕೊಂಡು ಮರ ಹತ್ತತೊಡಗಿದರು. ಕೆಳಗಿನಿಂದ ಅಕ್ಕ ಅವರಿಗೆ ಯಾವ ಕೊಂಬೆಯ ಮೇಲೆ ಕಾಲಿಡಬೇಕೆಂದು ಕೈ ತೋರಿಸುತ್ತಿದ್ದಳು.